ಭಜನೆಯ ವಹಿ

ಗ್ರಂಥಾಲಯಗಳಲ್ಲಿ ತತ್ವಶಾಸ್ತ್ರಕ್ಕೆ ಒಂದು ಕಪಾಟು, ಅಧ್ಯಾತ್ಮಕ್ಕೆ ಇನ್ನೊಂದು, ಜಾನಪದಕ್ಕೆ ಎಲ್ಲೋ ಕೊನೆಯ ಮೂಲೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಓಡಾಡಿದವರಿಗೆ ಈ ವಿಂಗಡಣೆ ಒಗ್ಗುವುದಿಲ್ಲ. ಇಲ್ಲಿ ಮೂರೂ, ಜೊತೆಗೆ ಜಡ್ಡಿಗೆ ಮದ್ದೂ, ಒಂದೇ ಕೈಬರಹದ ವಹಿಯಲ್ಲಿ ಸಿಗುತ್ತವೆ.

ಆಳಂದ ತಾಲೂಕಿನ ಜಿಡಗಾ ಅಂದರೆ ಸುತ್ತಿನವರಿಗೆ ಮೊದಲು ನೆನಪಾಗುವುದು ಮಠ. ಮುಗಳಖೋಡದ ಯಲ್ಲಾಲಿಂಗ ಮಹಾರಾಜರ ಪರಂಪರೆಯದು. ಮನೆಯಲ್ಲಿ ಯಾರಿಗೋ ಜಡ್ಡಾದಾಗ, ಮನಸ್ಸಿಗೆ ನೆಮ್ಮದಿ ಇಲ್ಲದಾಗ ಜನ ಬರುತ್ತಾರೆ, ವಿಭೂತಿ ಹಚ್ಚಿಕೊಳ್ಳುತ್ತಾರೆ, ಒಂದಷ್ಟು ಹೊತ್ತು ಕೂತು ಹೋಗುತ್ತಾರೆ.

ಈ ಸೀಮೆಯ ಭಜನಾ ಮೇಳದ ಹಿರಿಯರೊಬ್ಬರು ನನಗೆ ತಮ್ಮ ವಹಿ ತೋರಿಸಿದ್ದರು. ಕೆಂಪು ಅರಿವೆಯ ರಟ್ಟು, ಎಣ್ಣೆಗೈಯಿಂದ ಮಾಸಿದ ಅಂಚು. ಮೊದಲ ಪುಟಗಳಲ್ಲಿ ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದಗಳು, ನಡುವೆ ಮಂಗಳಾರತಿ, ಬೀಸುವ ಕಲ್ಲಿನ ನಾಲ್ಕು ತ್ರಿಪದಿ, ಕೊನೆಗೆ ಕೆಮ್ಮಿನ ಕಷಾಯ ಮತ್ತು ಚೇಳು ಕಚ್ಚಿದರೆ ಹೇಳುವ ಮಂತ್ರ. ನಾನು ಓದುತ್ತ ಕೂತದ್ದನ್ನು ನೋಡಿ ಅವರೆಂದರು: "ಇದು ಓದ್ಲಕ ಅಲ್ರೀ ಸರ, ಹಾಡ್ಲಕ."

ಮಡಿವಾಳಪ್ಪ ಹುಟ್ಟಿದ್ದು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ, ನೆಲೆಸಿದ್ದು ಹಿಂದೆ ಜೇವರ್ಗಿ ತಾಲೂಕಿಗೆ ಸೇರಿದ್ದ ಕಡಕೋಳದಲ್ಲಿ. ಅವನ ಶಿಷ್ಯರನ್ನು ನೋಡಿ: ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ಅರಳಗುಂಡಗಿಯ ಭಾಗಮ್ಮ. ಜಾತಿ, ಧರ್ಮ, ಹೆಣ್ಣು ಗಂಡು ಎಂಬ ಗೋಡೆಗಳನ್ನು ದಾಟಿ ಬಂದವರು. ವೇದಾಂತದ ದೊಡ್ಡ ಮಾತುಗಳೆಲ್ಲ ಇವರ ಬಾಯಲ್ಲಿ ಹೊಲ, ಮನೆ, ಸಂತೆಯ ಮಾತಾದವು. ಅಕ್ಷರ ಬಾರದವರೂ ಅವನ್ನು ಏಕತಾರಿಯ ಜೊತೆ ಕಲಿತರು.

ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲೂ ಇದೇ ಕೂಡುವಿಕೆ ನಡೆದಿದೆ. ಅಲ್ಲಿನ ಕವಿ ಮಧುರಚೆನ್ನರು ಅರವಿಂದರ ಯೋಗಕ್ಕೆ ಒಲಿದವರು. ಹಳ್ಳಿಯ ಹೆಣ್ಣುಮಕ್ಕಳ ಹಾಡಿಗೂ ಅಷ್ಟೇ ಭಕ್ತಿಯಿಂದ ಕಿವಿಗೊಟ್ಟವರು. ಅವರ ಗೆಳೆಯರ ಬಳಗದಿಂದ 1931ರಲ್ಲಿ 'ಗರತಿಯ ಹಾಡು' ಎಂಬ ಜನಪದ ಹಾಡುಗಳ ಸಂಕಲನ ಬಂತು. ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಆ ಬಳಗದವರು. ಅಧ್ಯಾತ್ಮ ಬೇರೆ, ಜಾನಪದ ಬೇರೆ ಎಂದು ಅವರಿಗೆ ಅನ್ನಿಸಲೇ ಇಲ್ಲ.

ಇನ್ನು ವಾಸಿಯಾಗುವ ಮಾತು. ಜಿಡಗಾಕ್ಕೆ ಬರುವಂತೆಯೇ, ಭೀಮಾ, ಅಮರಜಾ ನದಿಗಳು ಕೂಡುವ ದೇವಲ ಗಾಣಗಾಪುರಕ್ಕೆ ಪೀಡೆ ಬಿಡಿಸಿಕೊಳ್ಳಲು ಬರುವವರು ಇಂದಿಗೂ ಇದ್ದಾರೆ. ಜ್ವರಕ್ಕೆ, ಚೇಳಿಗೆ, ಮನಸ್ಸಿನ ಜಡ್ಡಿಗೂ ದವಾಖಾನೆಗೆ ಹೋಗಲೇಬೇಕು. ಮಂತ್ರ ನಂಬಿ ಹೊತ್ತು ಕಳೆಯಬಾರದು. ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ಯಾವ ಗುಳಿಗೆ? ಅಮಾವಾಸ್ಯೆಯ ರಾತ್ರಿ ಭಜನೆಗೆ ಬಂದು, ದೇಹ ಬಾಡಿಗೆ ಮನೆ ಎನ್ನುವ ಅರ್ಥದ ಪದವನ್ನು ಹತ್ತು ಜನರ ದನಿಯಲ್ಲಿ ಕೇಳಿ ಅತ್ತು ಹಗುರಾದವರನ್ನು ನಾನು ಕಂಡಿದ್ದೇನೆ. ತತ್ವ ಅಲ್ಲಿ ಕೆಲಸ ಮಾಡಿತು, ಹಾಡಾದ್ದರಿಂದ ಮಾಡಿತು.

ಅಚ್ಚಾದ ಸಂಪುಟಗಳು ಪದವನ್ನು ಉಳಿಸಿವೆ, ಅದು ದೊಡ್ಡ ಉಪಕಾರ. ಧಾಟಿ ಮಾತ್ರ ಪುಸ್ತಕದಲ್ಲಿ ಇಲ್ಲ, ವಹಿಯಲ್ಲೂ ಇಲ್ಲ. ಅದಿರುವುದು ಹಾಡುವವರ ಕೊರಳಲ್ಲಿ. ನಿಮ್ಮ ಮನೆಯ ಮಾಡಿನಲ್ಲಿ ಇಂಥ ವಹಿ ಇದ್ದರೆ ಸುಣ್ಣ ಹಚ್ಚುವಾಗ ರದ್ದಿಗೆ ಹಾಕಬೇಡಿ. ಪುಟ ಪುಟದ ಫೋಟೊ ತೆಗೆಯಿರಿ, ಊರಿನ ಹಿರಿಯರನ್ನು ಕೂರಿಸಿ ಹಾಡಿಸಿ, ಮೊಬೈಲಿನಲ್ಲಿ ದನಿ ಹಿಡಿದಿಡಿ. ಈ ಕೆಲಸ ಈ ವರ್ಷವೇ ಆಗಬೇಕು.