ಕೊಸರು ಹಾಕಿದ ಕೈ

ನಮ್ಮವರಿಗೆ ತೋರಣಗಲ್ಲಿಗೆ ವರ್ಗವಾಯಿತು ಎಂದಾಗ ತಿಪಟೂರಿನ ನಮ್ಮ ಬಳಗವೆಲ್ಲ ನನ್ನ ಮುಖ ನೋಡಿ ಮರುಕಪಟ್ಟಿತು. "ಅಲ್ಲಿ ಬಿಸಿಲು, ಧೂಳು, ಕಾರ್ಖಾನೆ ಹೊಗೆ. ತಿನ್ನೋದಕ್ಕೆ ಏನು ಸಿಗುತ್ತೋ ಏನೋ" ಎಂದು ನಮ್ಮತ್ತೆಯವರು ಹಪ್ಪಳ, ಸಂಡಿಗೆ, ಸಾರಿನ ಪುಡಿ, ಹತ್ತು ಕಿಲೋ ರಾಗಿ ಹಿಟ್ಟು ಕಟ್ಟಿಕೊಟ್ಟರು. ಬಿಸಿಲು, ಧೂಳಿನ ವಿಷಯದಲ್ಲಿ ಅವರ ಮಾತು ಸುಳ್ಳಾಗಲಿಲ್ಲ. ತಿನ್ನುವ ವಿಷಯದಲ್ಲಿ ಮಾತ್ರ ಪೂರ್ತಿ ಸುಳ್ಳಾಯಿತು.

ತೋರಣಗಲ್ಲಿನ ಮಗ್ಗುಲಲ್ಲೇ ವಡ್ಡು ಎಂಬ ಹಳ್ಳಿಯಿದೆ. ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ. ಪಶ್ಚಿಮಕ್ಕೆ ಹೋದರೆ ಹೊಸಪೇಟೆ, ಹಂಪಿ. ದಕ್ಷಿಣಕ್ಕೆ ಸಂಡೂರಿನ ಗುಡ್ಡಗಳು. ಉತ್ತರಕ್ಕೆ ಹೊಳೆ ದಂಡೆಯ ಕಂಪ್ಲಿ. 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಆದರೆ ಬದನೆಕಾಯಿಗೆ ಜಿಲ್ಲೆಯ ಗಡಿ ಎಲ್ಲಿ ಗೊತ್ತು? ಈ ನಾಲ್ಕೂ ಕಡೆಯದು ನಮ್ಮ ಅಡುಗೆಮನೆಗೆ ಬರುತ್ತದೆ.

ಬಂದ ಹೊಸತರಲ್ಲಿ ನಾನು ತರಕಾರಿಯನ್ನು ದೊಡ್ಡ ಅಂಗಡಿಯಲ್ಲೇ ಕೊಳ್ಳುತ್ತಿದ್ದೆ. ತಂಪು ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಬೀನ್ಸು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕೊತ್ತಂಬರಿ. ನೋಡಲು ಚೆಂದ, ಮೂರನೆಯ ದಿನಕ್ಕೆ ಕೊಳೆತ ವಾಸನೆ. ಒಂದು ಬೆಳಿಗ್ಗೆ ಮಗನನ್ನು ಶಾಲೆಗೆ ಬಿಟ್ಟು ಬರುವಾಗ ರಸ್ತೆಬದಿಯ ಬೇವಿನ ಮರದಡಿ ಗೋಣಿತಾಟು ಹಾಸಿಕೊಂಡು ಕುಳಿತ ಒಬ್ಬ ಹಿರಿಯ ಹೆಂಗಸನ್ನು ಕಂಡೆ. ಮುಂದೆ ಮುಳ್ಳು ಬದನೆ, ಎಳೇ ಸೌತೆಕಾಯಿ, ಮೂರು ಬಗೆಯ ಸೊಪ್ಪು. ಅದರಲ್ಲಿ ಎರಡರ ಹೆಸರೂ ನನಗೆ ಗೊತ್ತಿರಲಿಲ್ಲ.

"ಬದನೆಕಾಯಿ ಹೇಗಮ್ಮಾ?"

"ಕಿಲೋ ನಲವತ್ತು ಅಕ್ಕಾ. ಬೆಳಗ್ಗಿ ಹರಿದಿದ್ದು, ತೊಟ್ಟು ನೋಡ್ರಿ."

ನಾನು ಮೂವತ್ತು ಎಂದೆ. ಆಕೆ ಮೂವತ್ತೈದು ಎಂದಳು. ನಾನು ಎರಡು ಹೆಜ್ಜೆ ಮುಂದೆ ನಡೆದೆ. ಈ ಎರಡು ಹೆಜ್ಜೆಯ ವಿದ್ಯೆ ನಮಗೆ ಯಾರೂ ಕಲಿಸಬೇಕಾಗಿಲ್ಲ ನೋಡಿ, ತಾಯಂದಿರಿಂದಲೇ ಬಂದಿರುತ್ತದೆ. ಆಕೆ ಕರೆದಳು, ನಾನು ತಿರುಗಿದೆ, ಮೂವತ್ತಕ್ಕೇ ತೂಗಿದಳು. ತೂಗಿ ಆದ ಮೇಲೆ ಮತ್ತೆ ಎರಡು ಬದನೆ, ಒಂದು ಎಸಳು ಕರಿಬೇವು, ಒಂದು ಹಿಡಿ ಸೊಪ್ಪು ನನ್ನ ಚೀಲಕ್ಕೆ ಹಾಕಿದಳು. "ಹಕ್ಕರಕಿ ರೀ. ಹಸೀದs ರೊಟ್ಟಿಕೂಡ ತಿನ್ರಿ." ಮನೆಗೆ ಬಂದು ಹತ್ತು ರೂಪಾಯಿ ಉಳಿಸಿದ್ದನ್ನೂ ಕೊಸರು ಸಿಕ್ಕಿದ್ದನ್ನೂ ನಮ್ಮವರ ಮುಂದೆ ಜಂಬದಿಂದ ಹೇಳಿಕೊಂಡೆ.

ಮುಂದಿನ ವಾರ ಅದೇ ಹೆಂಗಸು ನಾನು ಕುಳಿತಿದ್ದ ಆಟೋಗೇ ಹತ್ತಿದಳು. ಬುಟ್ಟಿ ಖಾಲಿಯಾಗಿತ್ತು. ಮಾತು ಬೆಳೆಯಿತು. ಮಾರುಕಟ್ಟೆಗೆ ಹಾಕಿದರೆ ಬದನೆಗೆ ಕಿಲೋಗೆ ಇಪ್ಪತ್ತು ಸಿಕ್ಕರೆ ಹೆಚ್ಚು; ಅದರಲ್ಲಿ ಗಾಡಿ ಬಾಡಿಗೆ, ಹಮಾಲಿ, ದಲ್ಲಾಳಿಯ ಪಾಲು, ತೂಕದಲ್ಲಿ ಒಂದಿಷ್ಟು ಮುರಿತ. ಕೈಗೆ ಉಳಿಯುವುದು ಹನ್ನೆರಡೋ ಹದಿಮೂರೋ. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. "ನನಗ ಫ್ರೀ ಐತಿ, ಗಂಟಿಗೆ ಆಟೋನs ಬೇಕಲ್ರಿ" ಎಂದಳು. ರಸ್ತೆಬದಿಯಲ್ಲಿ ಕುಳಿತರೆ ರೇಟು ಸಿಗುತ್ತದೆ, ಆದರೆ ಅರ್ಧ ದಿನ ಹೋಗುತ್ತದೆ, ಹೊಲದಲ್ಲಿ ಕಳೆಗೆ ಕೂಲಿ ಕೊಡಬೇಕಾಗುತ್ತದೆ. ಇದನ್ನೆಲ್ಲ ದೂರಿನಂತಲ್ಲ, ನಾವು ದಿನಸಿ ಲೆಕ್ಕ ಹೇಳುವಂತೆ ಹೇಳಿದಳು.

ನನ್ನ ಹತ್ತು ರೂಪಾಯಿ ಗಂಟಲಲ್ಲಿ ಸಿಕ್ಕಿಕೊಂಡಿತು. "ಹಾಗಾದರೆ ಅವತ್ತು ಕೊಸರು ಯಾಕೆ ಹಾಕಿದಿರಿ ಅವ್ವಾ?"

"ಕೊಸರು ರೇಟಿನಾಗ ಬರಂಗಿಲ್ಲ ಅಕ್ಕಾ. ಅದು ನನ್ನ ಕೈದು."

ಅಂದಿನಿಂದ ಆ ಬೇವಿನ ಮರದಡಿ ನಾನು ಚೌಕಾಸಿ ಬಿಟ್ಟೆ. ಬೇರೆ ಕಡೆ ಬಿಟ್ಟಿದ್ದೇನೆಂದು ಹೇಳಲಾರೆ! ಅವ್ವನ ಹತ್ತಿರ ಕಲಿತ ಮೊದಲ ಅಡುಗೆ ಪುಂಡಿ ಪಲ್ಯ. ಸೊಪ್ಪನ್ನು ಬೇಯಿಸಿ, ಹುಳಿ ಹೆಚ್ಚೆನಿಸಿದರೆ ನೀರು ಬಸಿಯಬೇಕು. ಜೋಳದ ನುಚ್ಚು, ಸ್ವಲ್ಪ ತೊಗರಿಬೇಳೆ, ಹಸಿಮೆಣಸಿನಕಾಯಿ ಬೇರೆ ಬೇಯಿಸಿ, ಸೊಪ್ಪಿನೊಂದಿಗೆ ಕೂಡಿಸಿ ಚೆನ್ನಾಗಿ ಮಸೆದು, ಮೇಲೆ ಧಾರಾಳವಾಗಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಆರಿದ ಮೇಲೆ ಇನ್ನೂ ರುಚಿ. ನಮ್ಮತ್ತೆಯವರು ಬಂದಾಗ ಮೊದಲ ತುತ್ತಿಗೆ ಮುಖ ಹಿಂಡಿದರು, ಮರುದಿನ ತಾವೇ ಕೇಳಿ ಹಾಕಿಸಿಕೊಂಡರು.

ಹೀಗೆ ಬೆಳೆದವರ ಕೈಯಿಂದಲೇ ಕೊಳ್ಳುವ ಹುಚ್ಚು ಹತ್ತಿತು. ರಜಾ ಬಂತೆಂದರೆ ನಮ್ಮವರ ಗಾಡಿ ಒಂದೊಂದು ದಿಕ್ಕಿಗೆ. ಸೀತಾಫಲದ ಕಾಲಕ್ಕೆ ಸಂಡೂರಿನ ಗುಡ್ಡದ ಹಾದಿಯಲ್ಲಿ ಬುಟ್ಟಿಗಟ್ಟಲೆ ಹಣ್ಣು. ಕಣ್ಣು ಬಿಟ್ಟ, ಇನ್ನೂ ಗಟ್ಟಿಯಿರುವ ಕಾಯಿ ಆರಿಸಿ ಅಕ್ಕಿ ಡಬ್ಬಿಯಲ್ಲಿಟ್ಟರೆ ಎರಡು ದಿನಕ್ಕೆ ಹಣ್ಣು. ಹಂಪಿ, ಕಮಲಾಪುರದ ಕಡೆಗೆ ಹೋದರೆ ಬಾಳೆಯ ತೋಟಗಳು. ಅಲ್ಲಿ ನಾನೊಮ್ಮೆ ಪೇಚಿಗೆ ಸಿಕ್ಕಿದೆ. ಹೆಸರಾದ 'ಕಮಲಾಪುರ ಕೆಂಪು ಬಾಳೆ' ಕೊಡಿ ಎಂದು ತೋಟದವರನ್ನು ಕೇಳಿದೆ. ಅವರು ನಕ್ಕು, ಅದು ಕಲಬುರಗಿ ಜಿಲ್ಲೆಯ ಕಮಲಾಪುರದ್ದು, ನಮ್ಮದಲ್ಲ ಎಂದರು. ನೀವು ಹಂಪಿಗೆ ಪ್ರವಾಸ ಬಂದರೆ ನನ್ನ ಹಾಗೆ ಕೇಳಬೇಡಿ!

ಹಂಪಿಯ ಕಲ್ಲು ಬಜಾರುಗಳಲ್ಲಿ ನಡೆಯುವಾಗ ಮಾರ್ಗದರ್ಶಕರು ಮುತ್ತು ರತ್ನ ಮಾರುತ್ತಿದ್ದ ಕತೆಯನ್ನೇ ಹೇಳುತ್ತಾರೆ. 1520ರ ಆಸುಪಾಸಿನಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇನ್ನೊಂದನ್ನೂ ಬರೆದಿಟ್ಟಿದ್ದಾನೆ: ಪ್ರತಿ ಸಂಜೆ ಸಂತೆ ನೆರೆಯುತ್ತಿದ್ದ ಬೀದಿ, ಅಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ತರಕಾರಿ, ಸೌದೆ. ಅದನ್ನು ಓದಿದ ಮೇಲೆ ನನಗೆ ಆ ಕಂಬಗಳ ನಡುವೆ ಮುತ್ತಿನ ರಾಶಿ ಕಾಣುವುದಿಲ್ಲ, ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತಾ ಕುಳಿತ ಹೆಂಗಸೇ ಕಾಣುತ್ತಾಳೆ. ಆ ಕಾಲದ ಅರಸರು ತೋಡಿಸಿದ ಕಾಲುವೆಗಳಲ್ಲಿ ಕೆಲವು ಇಂದಿಗೂ ಹರಿದು ಇಲ್ಲಿನ ಬಾಳೆ, ಕಬ್ಬಿಗೆ ನೀರುಣಿಸುತ್ತಿವೆ.

ಕಬ್ಬು ಅಂದೆನಲ್ಲ, ಬೆಲ್ಲದ ಮಾತು ಹೇಳಲೇಬೇಕು. ಹೊಸಪೇಟೆಯ ಹಳೇ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಈ ಕಡೆಯ ಕಬ್ಬಿಗೆ ಆಲೆಮನೆಗಳೂ ಒಂದು ಆಸರೆ. ಕಂಪ್ಲಿಯ ಕಡೆ ಒಂದು ಆಲೆಮನೆಗೆ ಹೋಗಿದ್ದೆವು. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು, ಬೆಂಡೆ ಗಿಡ ಜಜ್ಜಿದ ಲೋಳೆ ಹಾಕಿ ಮೇಲೆದ್ದ ಕೊಳೆಯನ್ನು ಜಾಲರಿಯಲ್ಲಿ ತೆಗೆಯುತ್ತಿದ್ದರು. ನೂರು ಕಿಲೋ ಕಬ್ಬಿಗೆ ಹತ್ತು ಕಿಲೋ ಬೆಲ್ಲ ಬಂದರೆ ಆಯಿತು. ಒಂದು ಕಡೆ ಹಳದಿ ಅಚ್ಚು, ಇನ್ನೊಂದು ಕಡೆ ಕಂದು ಅಚ್ಚು. ನಾನು ಹಳದಿಗೆ ಕೈ ಹಾಕಿದೆ. ಆಲೆಮನೆಯ ಯಜಮಾನರು, "ಅದು ಪ್ಯಾಟಿಗೆ ಹೋಗೋದು ತಾಯಿ. ಬಣ್ಣ ಬರ್ಲಿ ಅಂತ ಹೈಡ್ರೋಸು ಹಾಕ್ತೀವಿ. ನಮ್ಮ ಮನಿಗೆ ಕರೇದು" ಎಂದರು. "ಹಾಗಾದರೆ ಹಾಕುವುದೇಕೆ?" ಎಂದೆ. "ಕರೇದು ನೀವು ತಗೊಳ್ಳಂಗಿಲ್ಲಲ್ಲ?" ಎಂದರು. ಉತ್ತರ ಕೊಡುವ ಬದಲು ಐದು ಕಿಲೋ ಕಂದು ಬೆಲ್ಲ ಕಟ್ಟಿಸಿಕೊಂಡೆ. ಹೋಳಿಗೆಯ ಬಣ್ಣ ಮಾಸಲು, ರುಚಿ ಮಾತ್ರ ಬೇರೆಯೇ.

ಆ ಹಸಿರೆಲ್ಲ ತುಂಗಭದ್ರೆಯ ದಯೆ. 1953ರಲ್ಲಿ ಅಣೆಕಟ್ಟಿನಿಂದ ನೀರು ಹರಿದ ಮೇಲಿನ ಸಿರಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋಗಿ ನೀರು ಹೊಳೆಯ ಪಾಲಾಗುವಾಗ, ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸುವವರೆಗೂ ನಾನು ಟೀವಿಯ ಮುಂದೆಯೇ ಕುಳಿತಿದ್ದೆ. ಊಟದ ತಟ್ಟೆಯ ಅನ್ನ ಯಾರ ಗದ್ದೆಯದೆಂದು ಗೊತ್ತಿದ್ದರೆ ಸುದ್ದಿ ಸುದ್ದಿಯಾಗಿ ಕೇಳಿಸುವುದಿಲ್ಲ.

ನಮ್ಮ ವಡ್ಡಿನ ಅವ್ವನಿಗೆ ಕಾಲುವೆಯ ಭಾಗ್ಯವಿಲ್ಲ. ಸೊಪ್ಪು ತರಕಾರಿಗೆ ಒಂದು ಬೋರು. ಉಳಿದ ಹೊಲಕ್ಕೆ ಮಳೆಯೇ ಗತಿ. ಅದರಲ್ಲಿ ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾಳೆ. ಮೊದಲ ವರ್ಷ ಆಕೆಯಿಂದ ಒಂದು ಚೀಲ ಜೋಳ ತಂದು, ತಂದಂತೆಯೇ ಡ್ರಮ್ಮಿಗೆ ಸುರಿದು ಮುಚ್ಚಿಟ್ಟೆ. ಎರಡು ತಿಂಗಳಿಗೆ ಮುಚ್ಚಳ ತೆಗೆದರೆ ಹುಳ! ಜೋಳವೇ ಕೆಟ್ಟದ್ದೆಂದು ಹೇಳಹೊರಟ ನನಗೆ ಅವ್ವ ಪಾಠ ಮಾಡಿದಳು. ಎರಡು ದಿನ ಗಟ್ಟಿ ಬಿಸಿಲಿಗೆ ಹರವಬೇಕು, ಬಿಸಿಯಿದ್ದಾಗಲೇ ತುಂಬದೆ ರಾತ್ರಿ ಆರಲು ಬಿಡಬೇಕು, ಆಮೇಲೆ ಒಣಗಿದ ಬೇವಿನ ಎಲೆಯೊಂದಿಗೆ ಪದರ ಪದರವಾಗಿ ತುಂಬಬೇಕು. ಅಂಗಡಿಯ ಪ್ಯಾಕೆಟ್ಟಿನಲ್ಲಿ ಈ ಕೆಲಸವನ್ನು ಯಾರೋ ಮಾಡಿರುತ್ತಾರೆ. ನೇರವಾಗಿ ಕೊಂಡರೆ ನಾವೇ ಮಾಡಬೇಕು.

ಮರುವರ್ಷ ನಮ್ಮ ಬೀದಿಯ ಎಂಟು ಮನೆಯವರು ಸೇರಿ ಎಂಟು ಚೀಲ ಕೇಳಿದೆವು. ಅವ್ವ ಆಗುವುದಿಲ್ಲವೆಂದಳು. ಬಿತ್ತನೆಗೆ, ಮೊಮ್ಮಗಳ ಫೀಜಿಗೆ ದಲ್ಲಾಳಿಯಿಂದ ಮುಂಗಡ ತಂದಾಗಿದೆ, ಕಾಳು ಅವನಿಗೇ, ಅವನು ಹೇಳಿದ ರೇಟಿಗೇ. ನಾನು ದಲ್ಲಾಳಿಯನ್ನು ಬೈದೆ. ಅವ್ವ ತಡೆದಳು.

"ರಾತ್ರಿ ಹನ್ನೆರಡಕ್ಕ ದವಾಖಾನಿಗೆ ಅಂದ್ರೂ ಆತ ರೊಕ್ಕ ಕೊಡ್ತಾನ. ನೀವು ಕೊಡ್ತೀರೇನ್ರಿ?"

ನಾವು ಎಂಟು ಹೆಂಗಸರು ಇದನ್ನು ಕುರಿತು ಎಷ್ಟು ಮಾತಾಡಿದೆವೆಂದರೆ ಎರಡು ಸಲ ಕಾಫಿಯಾಯಿತು. ಆಗ ನನಗೆ ಎಲ್ಲೋ ಓದಿದ್ದು ನೆನಪಾಯಿತು. 1965ರಲ್ಲಿ ಜಪಾನಿನ ಟೋಕಿಯೊದಲ್ಲಿ ಸುಮಾರು 200 ಗೃಹಿಣಿಯರು ಅಂಗಡಿಯ ಹಾಲಿನ ಬೆಲೆಗೆ ರೋಸಿ, ಒಟ್ಟಾಗಿ 300 ಬಾಟಲಿ ಹಾಲು ಕೊಳ್ಳುವುದರಿಂದ ಆರಂಭಿಸಿದರಂತೆ. ಅದೇ ಬೆಳೆದು ದೊಡ್ಡ ಸಹಕಾರ ಸಂಘವಾಯಿತು. ನಮ್ಮ ಗಡಿಯಾಚೆ ಆಂಧ್ರದಲ್ಲಿ 1999ರಿಂದ ಸರ್ಕಾರವೇ ರೈತು ಬಜಾರು ನಡೆಸುತ್ತಿದೆ. ನಮಗೆ ಅಷ್ಟೆಲ್ಲ ಬೇಡ, ಒಬ್ಬ ಅವ್ವ, ಎಂಟು ಚೀಲ ಸಾಕು. ಮುಂದಿನ ಬಿತ್ತನೆಗೆ ಮೊದಲೇ, ಗಣೇಶನ ಹಬ್ಬದ ಸುಮಾರಿಗೆ, ಮನೆಗಿಷ್ಟು ಎಂದು ಹಣ ಕೂಡಿಸಿ ಆಕೆಯ ಕೈಗಿಟ್ಟೆವು. ರೇಟನ್ನೂ ಆಗಲೇ ಮಾತಾಡಿದೆವು.

ಎಲ್ಲ ಸುಸೂತ್ರವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ತೆನೆ ಬಲಿತ ಹೊತ್ತಿಗೆ ಅಕಾಲದ ಮಳೆ ಬಿದ್ದು ಕಾಳು ಕಪ್ಪಿಟ್ಟಿತು. ರೊಟ್ಟಿ ಹಾಲಿನಂತೆ ಬೆಳ್ಳಗಾಗಲಿಲ್ಲ. ಎರಡು ಮನೆಯವರು ಹಣ ವಾಪಸು ಕೇಳಿದರು. ದಲ್ಲಾಳಿಯಾಗಿದ್ದರೆ ರೇಟು ಇಳಿಸುತ್ತಿದ್ದ, ನಾವೂ ಇಳಿಸೋಣ ಎಂದು ಇನ್ನೊಬ್ಬರು ಅಂದರು. ನನಗೂ ಒಳಗೊಳಗೆ ಹಾಗನ್ನಿಸಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಕಡೆಗೆ ಆರು ಮನೆಯವರು ಮಾತಿನ ರೇಟಿಗೇ ಕೊಂಡೆವು. ಬಿಟ್ಟುಹೋದವರ ಎರಡು ಚೀಲವನ್ನು ಅವ್ವ ಪೇಟೆಯಲ್ಲಿ ನಷ್ಟಕ್ಕೆ ಮಾರಿ ಅವರ ಹಣ ಹಿಂದಿರುಗಿಸಿದಳು. ನಮ್ಮ ಚೀಲಗಳನ್ನು ತೂಗಿದ ದಿನ, ಪ್ರತಿ ಮನೆಗೂ ಒಂದೊಂದು ಸೇರು ಮೇಲೆ ಸುರಿದಳು. ಬೇಡವೆಂದರೆ ಮುಖ ಸಣ್ಣದು ಮಾಡಿದಳು.

ಈ ಸೀಮೆಯಲ್ಲಿ ಹೊಲ ಉಳಿಸಿಕೊಳ್ಳುವುದೇ ದೊಡ್ಡದು. 1971ರಲ್ಲಿ ತೋರಣಗಲ್ಲಿನಲ್ಲಿ ಇಂದಿರಾ ಗಾಂಧಿಯವರು ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಕಾರ್ಖಾನೆ ಬಂದು ಅನೇಕ ಮನೆಗಳಿಗೆ ಅನ್ನವಾಯಿತು, ನಮ್ಮ ಮನೆಯೂ ಅದರಲ್ಲೊಂದು. ಅದಿರಿಗೆ ಬೆಲೆ ಬಂದ ವರ್ಷಗಳಲ್ಲಿ ಸುತ್ತಿನ ಎಷ್ಟೋ ಜನ ಉಳುವ ಹೊಲವನ್ನೇ ಅಗೆಯಲು ಕೊಟ್ಟರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮುಂದೆ ಮಿತಿ ಹಾಕಿ ಮತ್ತೆ ಬಿಟ್ಟಿತು. ಆದರೆ ಒಮ್ಮೆ ಅಗೆದ ಹೊಲಕ್ಕೆ ಮೇಲ್ಮಣ್ಣು ಮರಳಿ ಬರುವುದಿಲ್ಲ. ಅವ್ವನ ಮನೆಯಲ್ಲೂ ಆಗ ಜಗಳವಾಗಿತ್ತಂತೆ. ಈಗ ಆಕೆಯ ಬದುವಿಗೆ ಹತ್ತಿದ ಹೊಲಕ್ಕೆ ತಂತಿ ಬೇಲಿ ಬಂದಿದೆ, ಸೈಟು ಮಾಡುತ್ತಾರಂತೆ. ಮಗ ನಮ್ಮದನ್ನೂ ಕೊಟ್ಟುಬಿಡೋಣ ಎನ್ನುತ್ತಿದ್ದಾನೆ. ಆಕೆ ನನ್ನ ಮುಂದೆ ಅದನ್ನು ಒಂದೇ ಸಲ ಹೇಳಿದಳು, ಸೊಪ್ಪಿನ ಕಟ್ಟು ಬಿಗಿಯುತ್ತಾ.

ಹೋದ ವಾರ ಬೇವಿನ ಮರದಡಿ ಹೋದಾಗ ಸೌತೆಕಾಯಿ ತೂಗಿಕೊಟ್ಟು ಕೇಳಿದಳು: "ಈ ಸಲ ಎಷ್ಟು ಚೀಲ ಹಿಡೀಲಿ ಅಕ್ಕಾ? ಈಗs ಹೇಳಿಬಿಡ್ರಿ. ಮಗನಿಗೆ ಲೆಕ್ಕ ತೋರಿಸ್ಬೇಕು."

ಎಂಟು ಎಂದು ಹೇಳಿಬಂದಿದ್ದೇನೆ. ಸದ್ಯಕ್ಕೆ ಇರುವುದು ಆರೇ ಮನೆ. ಹಿಂದಿನ ಬೀದಿಗೆ ಹಾಸನದ ಕಡೆಯ ಒಂದು ಸಂಸಾರ ಹೊಸದಾಗಿ ಬಂದಿದೆ. ನಾಳೆ ಪುಂಡಿ ಪಲ್ಯ, ಎರಡು ರೊಟ್ಟಿ ತೆಗೆದುಕೊಂಡು ಅವರ ಮನೆಗೆ ಹೋಗಿಬರಬೇಕು.