ದಂತ ಕಿರೀಟ

ಕಿರೀಟವೆಂದೊಡನೆ ಅರಸರ ನೆನಪಾಗುವುದು ಸಹಜ. ಆದರೆ ಪ್ರಜಾಪ್ರಭುತ್ವದ ಈ ಯುಗದಲ್ಲಿ ಅದು ತಲೆಯಿಂದಿಳಿದು ದವಡೆಯನ್ನು ಸೇರಿದೆ. ಇಟಲಿಯ ಎಟ್ರುಸ್ಕನ್ನರು 2,500 ವರ್ಷಗಳ ಹಿಂದೆಯೇ ಬಂಗಾರದ ಪಟ್ಟಿಗಳಿಂದ ಹಲ್ಲು ಕಟ್ಟುತ್ತಿದ್ದರಂತೆ. ಇಂದು ಬೇರಿನ ಚಿಕಿತ್ಸೆಯಾದ ಹಲ್ಲು ಸೀಳಿಹೋಗದಿರಲೆಂದು ದಂತವೈದ್ಯರು ಅದಕ್ಕೆ ಲೋಹದ ಅಥವಾ ಪಿಂಗಾಣಿಯ ಕವಚವನ್ನು ತೊಡಿಸುತ್ತಾರೆ. ನನ್ನ ಬಲದವಡೆಗೂ ಕಲಬುರಗಿಯಲ್ಲಿ ಇಂತಹ ಪಟ್ಟಾಭಿಷೇಕ ನಡೆಯಿತು.

ಪಟ್ಟವಾದ ಮೇಲೆ ತೊಂದರೆಗಳು ಆರಂಭವಾಗುವುದು ರಾಜ್ಯದಲ್ಲಿಯೂ ಉಂಟು, ಬಾಯಿಯಲ್ಲಿಯೂ ಉಂಟು. ಎಳ್ಳಮಾವಾಸ್ಯೆಗೆಂದು ಆಳಂದ ತಾಲ್ಲೂಕಿನ ನಮ್ಮ ಖಜೂರಿಗೆ ಹೋಗಿದ್ದೆ. ಹೊಲದಲ್ಲಿ ಕುಳಿತು ಬಜ್ಜಿಯೊಡನೆ ಸಜ್ಜೆಯ ರೊಟ್ಟಿಯನ್ನು ಕಚ್ಚಿದೊಡನೆ ಕಣ್ಣಿನಲ್ಲಿ ನೀರಾಡಿತು. ನರವನ್ನೇ ತೆಗೆದ ಹಲ್ಲು ನೋಯುವುದೆಂತು?

“ಕಿತ್ತಿಸಿ ಒಗಿಯೊ, ಕಾಟ ತಪ್ಪತದ” ಎಂದಳು ತಾಯಿ. ಅವಳು ಹಾಗೆಯೇ ಒಂದೊಂದಾಗಿ ಕೀಳಿಸಿಕೊಂಡವಳು. ಈಗ ತಾನೇ ತಟ್ಟಿದ ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು, ಅದು ಮೆತ್ತಗಾಗುವವರೆಗೆ ನಮ್ಮೆಲ್ಲರ ಊಟವನ್ನು ನೋಡುತ್ತ ಕೂಡುತ್ತಾಳೆ. ಆ ತಟ್ಟೆಯನ್ನು ಕಂಡ ಮೇಲೆ ಕೀಳಿಸುವ ಮಾತಿಗೆ ನನ್ನ ಮನಸ್ಸು ಒಪ್ಪಲಿಲ್ಲ.

ವೈದ್ಯರು ನಗುತ್ತ ಒಗಟನ್ನು ಬಿಡಿಸಿದರು. ಒಳಗಿನ ನರ ಹೋದರೂ ಬೇರನ್ನು ಎಲುಬಿಗೆ ಬಿಗಿದಿರುವ ತಂತುಗಳು ಜೀವಂತವಾಗಿರುತ್ತವೆ. ಕಿರೀಟವು ಕೂದಲೆಳೆಯಷ್ಟು ಎತ್ತರವಾಗಿದ್ದರೂ ಅಗಿದಾಗಲೆಲ್ಲ ಭಾರ ಅಲ್ಲಿಯೇ ಬಿದ್ದು ಅವು ಗೋಳಿಡುತ್ತವೆ. ಬಣ್ಣದ ಕಾಗದವನ್ನು ಕಚ್ಚಿಸಿ, ಗುರುತು ದಟ್ಟವಾಗಿ ಮೂಡಿದ ಕಡೆ ಅವರು ತುಸು ಉಜ್ಜಿದರು. ವಾರದೊಳಗೆ ನೋವು ಇಳಿಯಿತು.

ಬೀಳ್ಕೊಡುವಾಗ ಅವರು ಹೇಳಿದ ಮಾತುಗಳು ವಾಚಕರಿಗೂ ಉಪಯುಕ್ತ. ಕಿರೀಟ ಹುಳುಕದು, ಆದರೆ ಅದರ ಅಂಚಿನಡಿಯ ಸ್ವಂತ ಹಲ್ಲು ಹುಳುಕೀತು. ಆದುದರಿಂದ ಒಸಡಿನ ಸಂದನ್ನು ಬ್ರಷ್ಷಿನಿಂದಲೂ ದಾರದಿಂದಲೂ ದಿನವೂ ಶುಚಿಗೊಳಿಸಬೇಕು. ಕಿರೀಟ ಕಳಚಿದರೆ ಮನೆಯ ಅಂಟಿನಿಂದ ಕೂರಿಸದೆ, ಜೋಪಾನವಾಗಿ ಡಬ್ಬಿಯಲ್ಲಿಟ್ಟು ಬೇಗನೆ ವೈದ್ಯರಲ್ಲಿಗೆ ಒಯ್ಯಬೇಕು. ಬಾವು, ಜ್ವರಗಳು ಕಂಡರೆ ಅಂದೇ ತೋರಿಸಬೇಕು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ತಾಯಿಗೆ ಹಲ್ಲಿದ್ದ ಕಾಲದಲ್ಲಿ ಕಲಬುರಗಿಯ ಬಸ್ಸಿಗೆ ಕೊಡಲು ಕಾಸಿರಲಿಲ್ಲ. ಇದ್ದ ಕಾಸು ನನ್ನ ಶಾಲೆಯ ಶುಲ್ಕಕ್ಕೆ ಹೋಗುತ್ತಿತ್ತು. ಬರುವ ತಿಂಗಳು ಅವಳನ್ನು ಕಟ್ಟುಹಲ್ಲಿನ ಅಳತೆಗೆ ಕರೆದೊಯ್ಯಲಿದ್ದೇನೆ. “ಈ ವಯಸ್ಸಿನಾಗ ಯಾಕೊ?” ಎನ್ನುತ್ತಾಳೆ, ಆದರೆ ಯಾವ ದಿನವೆಂದು ಎರಡು ಸಲ ಕೇಳಿದ್ದಾಳೆ.