ಶಾಸ್ತ್ರದಾನವೂ ಜೂನ್ ತಿಂಗಳೂ

ಆಹಾರ, ಔಷಧ, ಶಾಸ್ತ್ರ, ಅಭಯವೆಂದು ದಾನವು ನಾಲ್ಕು ಬಗೆ. ಹಸಿದು ಬಂದವನಿಗೆ ನಾಳೆ ಬಾ ಎನ್ನುವ ಶ್ರಾವಕನಿಲ್ಲ. ಕಾಲೇಜು ಶುಲ್ಕಕ್ಕೆ ಮಾತ್ರ ಹಾಗೆನ್ನುತ್ತೇವೆ.

ಹೆಮ್ಮಾಡಿಯಿಂದ ಕುಂದಾಪುರಕ್ಕೆ ಬಿ.ಕಾಂ. ಓದಲು ಹೋಗುತ್ತಿದ್ದ ಹುಡುಗಿಯೊಬ್ಬಳಿಗೆ ನಾನಿದ್ದ ಸಮಿತಿಯು 5,000 ರೂಪಾಯಿ ಸಹಾಯಧನ ಮಂಜೂರು ಮಾಡಿತ್ತು. ಶುಲ್ಕದ ಗಡುವು ಜೂನ್. ನಾವು ಚೆಕ್ಕು ಕೊಟ್ಟದ್ದು ಮರುವರ್ಷದ ಮಹಾವೀರ ಜಯಂತಿಯಂದು, ವೇದಿಕೆಯ ಮೇಲೆ. ಅಷ್ಟರವರೆಗೆ ತಾಯಿಯ ಬೆಂಡೋಲೆ ಅಡವಿನಲ್ಲಿತ್ತು. ವ್ಯಾಪಾರಿಯಾದ ನಾನು ಲೆಕ್ಕ ಹಾಕಿದೆನು: ತಿಂಗಳಿಗೆ ನೂರಕ್ಕೆ ಎರಡರಂತೆ ಹತ್ತು ತಿಂಗಳ ಬಡ್ಡಿ 1,000. ನಮ್ಮ ದಾನದ ಐದನೆಯ ಒಂದು ಪಾಲು ಗಿರವಿ ಅಂಗಡಿಗೆ ಸಂದಿತ್ತು! 2014ರ ಜನವರಿಯಲ್ಲಿ ಜೈನರು ಕೇಂದ್ರದ ಅಲ್ಪಸಂಖ್ಯಾತರ ಪಟ್ಟಿಗೆ ಸೇರಿದ ಬಳಿಕ ಸರಕಾರಿ ವಿದ್ಯಾರ್ಥಿವೇತನದ ದಾರಿ ತೆರೆಯಿತಾದರೂ, ಆ ಹಣವೂ ಶುಲ್ಕ ಕಟ್ಟಿಯಾದ ಮೇಲೆಯೇ ಬರುತ್ತಿತ್ತು.

ವಿಧಿ, ದ್ರವ್ಯ, ದಾತೃ, ಪಾತ್ರಗಳಿಂದ ದಾನದ ಫಲ ಭಿನ್ನವಾಗುವುದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ನಾವು ಪಾತ್ರವನ್ನಷ್ಟೇ ಪರೀಕ್ಷಿಸಿದ್ದೆವು.

ಮುಂದಿನ ಜೂನ್‌ನಲ್ಲಿ ಸಮಿತಿಯೇ ಕಾಲೇಜಿನ ಕಛೇರಿಗೆ ಶುಲ್ಕ ಕಟ್ಟಿತು. ಜಯಂತಿಯ ವೇದಿಕೆಗೆ ಆಕೆಯನ್ನು ಕರೆಯಲಿಲ್ಲ.